ತೊಟ್ಟಿಲಮನೆಯ ಕಾಶವ್ವ

ಕಾಶವ್ವನಿಗೆ ಎಡಗಣ್ಣು ಇರಲಿಲ್ಲ. ಕಣ್ಣಿದ್ದ ಜಾಗದಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ಗುಂಡಿ ಇತ್ತು. ತೊಡೆಯ ಮೇಲೆ ಮಲಗಿ ಹಾಲು ಕುಡಿಯುವ ಕೂಸುಗಳು ಕೈ ಮೇಲೆತ್ತಿ ಆ ಗುಂಡಿಯೊಳಗೆ ಬೆರಳು ತೂರಿಸಿ ತಿರುವುತ್ತಿದ್ದವು. ಮೊದಲ ಸಲ ನೋಡಿದವರಿಗೆ ಮೈ ಜುಮ್ಮೆನ್ನುತ್ತಿತ್ತು. ಕಾಶವ್ವ ಮಾತ್ರ ಬಾಟಲಿಯನ್ನು ಓರೆ ಮಾಡಿ ಹಿಡಿದು ಆರಾಮಾಗಿ ಕೂತಿರುತ್ತಿದ್ದಳು. "ಆಡ್ಲಿ ಬಿಡ್ರಿ. ಖಾಲೀನ ಐತಿ," ಎನ್ನುತ್ತಿದ್ದಳು.

ಇದೇ ಹೆಂಗಸು ಆ ಕೂಸುಗಳ ಅಪ್ಪಂದಿರನ್ನು ಹೊಡೆಯುತ್ತಿದ್ದಳು. ಮಾತಿಗೆ ಹೇಳುತ್ತಿಲ್ಲ. ಅಂಗೈಯಿಂದ ಹೊಡೆದದ್ದನ್ನು ನೋಡಿದ್ದೇನೆ, ಗಂಜಿ ತಿರುವುವ ಹುಟ್ಟಿನಿಂದ ಹೊಡೆದದ್ದನ್ನು ನೋಡಿದ್ದೇನೆ, ಒಮ್ಮೆ ತುಂಬಿದ ಹಾಲಿನ ಕ್ಯಾನು ಎತ್ತಿ ಒಬ್ಬನ ಎದೆಗೆ ಗುದ್ದಿದ್ದನ್ನೂ ನೋಡಿದ್ದೇನೆ. ಕುಡಿದು ಬಂದವನು, ಹೆಂಡತಿಯ ಮೈ ಬಾಸುಂಡೆ ಎಬ್ಬಿಸಿದವನು, ಕೂಸನ್ನು ಒಂದು ಕೈಯಲ್ಲಿ ತೂಗಾಡಿಸುತ್ತ ತಂದವನು, ಯಾರೇ ಆಗಲಿ, ಅವಳ ಮುಂದೆ ಕೆನ್ನೆ ಕಾಯ್ದುಕೊಂಡೇ ನಿಲ್ಲಬೇಕು. ಕೂಸುಗಳ ಮೈಮೇಲೆ ಮಾತ್ರ ಅವಳ ಬೆರಳಿನ ಗುರುತು ಒಂದು ದಿನವೂ ಬೀಳಲಿಲ್ಲ.

ನಾನು ಬನಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ನಮ್ಮೂರಲ್ಲಿ ಓಣಿ ಓಣಿಗೂ ಪಾವರ್‌ಲೂಮಿನ ಶೆಡ್ಡುಗಳು. ಗಂಡ ಹೆಂಡತಿ ಇಬ್ಬರೂ ಮಗ್ಗದ ಮುಂದೆ ನಿಂತರೇ ಸಂಸಾರ ನಡೆಯುವುದು. ಅಂಗನವಾಡಿಗೆ ಕಳಿಸೋಣವೆಂದರೆ ಅಲ್ಲಿ ಕೂತು ಕಲಿಯುವ ವಯಸ್ಸಾಗಿರಬೇಕು. ಎದೆಹಾಲು ಬಿಡದ, ತೆವಳುವ ಕೂಸನ್ನು ಎಲ್ಲಿ ಬಿಡುವುದು? ಸೊಂಟಕ್ಕೊಂದು ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಶೆಡ್ಡಿನ ಕಂಬಕ್ಕೆ ಕಟ್ಟಿ ತಾಯಂದಿರು ಮಗ್ಗ ಓಡಿಸುತ್ತಿದ್ದರು. ಕರುವನ್ನು ಕಟ್ಟಿದಂತೆಯೇ.

ಕಾಶವ್ವನೂ ಹಾಗೆ ಕಟ್ಟಿದವಳೇ. ಒಂದು ಮಧ್ಯಾಹ್ನ, ಕೂಸುಗಳೆಲ್ಲ ಮಲಗಿದ್ದಾಗ, ಬೆಳ್ಳುಳ್ಳಿ ಬಿಡಿಸುತ್ತ ನನಗೆ ಹೇಳಿದಳು. "ನಾ ಬೀಳಗಿ ಕಡ್ಯಾಕಿರಿ, ಟೀಚರ. ನಮ್ಮೂರು ಹಿನ್ನೀರಾಗ ಮುಳುಗಿತು, ನನ್ನ ಇಲ್ಲಿಗಿ ಕೊಟ್ರು. ಗಂಡ ಹೊಡೀತಿದ್ದ, ಮಗ್ಗ ಓಡಸ್ತಿದ್ದೆ, ಕೂಸು ಕಂಬಕ್ಕ ಇರ್ತಿತ್ತು. ಒಂದಿನ ಹಗ್ಗ ಬಿಚ್ಚಿಕೊಂತು. ಮೋಟರಿನ ಪಟ್ಟಾ ಎಳಕೊಂತು. ಆ ಸಪ್ಪಳದಾಗ ನನಗ ಏನೂ ಕೇಳಲಿಲ್ಲರಿ. ಅರಿವಿ ಮ್ಯಾಲ ರಕ್ತ ಸಿಡದಾಗ ತಿರುಗಿ ನೋಡೇನಿ." ಹೇಳಿ ಮುಗಿಸಿ ಬೆಳ್ಳುಳ್ಳಿಯ ಸಿಪ್ಪೆ ಊದಿದಳು. ನಾನು ಅಳುತ್ತಿದ್ದೆ. "ನೀವ್ಯಾಕ ಅಳ್ತೀರಿ? ಕೂಸು ಎದ್ದಾವು," ಎಂದು ಗದರಿದಳು.

ಆ ರಕ್ತದ ಸೀರೆಯಲ್ಲೇ ಅವಳು ಮಠಕ್ಕೆ ಹೋಗಿದ್ದಳಂತೆ. ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಎನ್ನುತ್ತೇವೆ. ಮಧ್ಯವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ. ಅವರೆದುರು ನಿಂತು, "ನಿಮ್ಮ ಮಠದಾಗ ದನಕ್ಕ ಗೋದಲಿ ಐತಿ, ಪರಸ್ಥಳದಾವರಿಗಿ ಖೋಲಿ ಐತಿ, ಚಪ್ಪಲಿ ಇಡಾಕ ಜಾಗಾ ಐತಿ. ಕೂಸಿಗಿ ಒಂದು ಮೂಲಿ ಇಲ್ಲೇನ್ರಿ?" ಎಂದು ಕೇಳಿದಳಂತೆ. ಮರುದಿನ ಅಜ್ಜಾರು ಗದ್ದುಗೆಯ ಎಡಕ್ಕಿದ್ದ ದೊಡ್ಡ ಪಡಸಾಲೆಯ ಬೀಗ ತೆಗೆಸಿದರು. ಅದೇ ತೊಟ್ಟಿಲಮನೆ.

ಹೆಸರಿಗೆ ತೊಟ್ಟಿಲಮನೆ, ಆದರೆ ಅಲ್ಲಿ ತೊಟ್ಟಿಲು ಒಂದೂ ಇರಲಿಲ್ಲ. ಜಂತಿಗಳಿಗೆ ಸಾಲಾಗಿ ಬಟ್ಟೆಯ ಜೋಳಿಗೆ ಕಟ್ಟಿ ಕೂಸುಗಳನ್ನು ತೂಗುತ್ತಿದ್ದಳು. ಬಟ್ಟೆ ಅಜ್ಜಾರು ಉಟ್ಟು ಬಿಟ್ಟ ಕಾವಿ. ಮಠದ ಕಮಿಟಿಯ ಅಧ್ಯಕ್ಷ ಈರಪ್ಪಣ್ಣನಿಗೆ ಇದು ಸಹಿಸಲಾಗಲಿಲ್ಲ. ಹಲವು ಶೆಡ್ಡುಗಳ ಮಾಲಕ, ಹಣೆ ತುಂಬ ವಿಭೂತಿ, ಬಾಯಿ ತುಂಬ ಸಂಪ್ರದಾಯ. "ಗುರುಗಳು ಉಟ್ಟ ಕಾವಿಯೊಳಗ ಉಚ್ಚಿ ಹೊಯ್ಸ್ತೀಯೇನಬೇ?" ಎಂದು ಕೂಗಾಡಿದ. ಆ ಹೊತ್ತಿಗೆ ಜೋಳಿಗೆಯಲ್ಲಿ ಮುಲ್ಲಾನ ಮನೆಯ ಕೂಸು ಬೇರೆ ಮಲಗಿತ್ತು. ಕಾಶವ್ವ ತಣ್ಣಗೆ, "ಕಾವಿ ಅರಿವಿ ಛಲೋರಿ. ಎಷ್ಟ ಹೊಯ್ದ್ರೂ ಕಲಿ ಕಾಣೂದಿಲ್ಲ," ಎಂದಳು. ಅಜ್ಜಾರು ಶಾಲಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಕ್ಕದ್ದು ಭುಜದಲ್ಲಿ ಕಾಣುತ್ತಿತ್ತು.

ಅವಳದೊಂದು ಕಾಯಿದೆ ಇತ್ತು. ಬೆಳಿಗ್ಗೆ ಕೂಸು ಬಂದ ತಕ್ಷಣ ಒಂದು ಬಣ್ಣದ ನೂಲನ್ನು ಎರಡು ತುಂಡು ಮಾಡುವಳು. ಒಂದು ಕೂಸಿನ ಮುಂಗೈಗೆ, ಇನ್ನೊಂದು ತಂದವರ ಮುಂಗೈಗೆ. ನೂಲಿಗೇನು, ನಮ್ಮೂರ ಗಟಾರದಲ್ಲೂ ಬಣ್ಣ ಬಣ್ಣದ ನೂಲು ಸಿಗುತ್ತದೆ. ಒಯ್ಯುವಾಗ ದಾರಕ್ಕೆ ದಾರ ಹೊಂದಿಸಿ ನೋಡಿಯೇ ಕೂಸು ಕೊಡುವುದು. ಕೊಟ್ಟ ಕೈಗೇ ತಿರುಗಿ ಕೊಡುವುದು. ಅಪ್ಪನಿರಲಿ, ಅಜ್ಜನಿರಲಿ, ಬಾಗಿಲಿಗೆ ಬಂದವರಿಗೆಲ್ಲ ಅವಳದು ಒಂದೇ ಮಾತು: "ದಾರ ತೋರಸ್ರಿ."

ನನ್ನ ಮಗಳನ್ನು ಅಲ್ಲಿ ಬಿಡತೊಡಗಿದ ಮೊದಲ ವಾರವೇ ನನಗೆ ಶಾಲೆಯಲ್ಲಿ ಮೀಟಿಂಗು ಬಿತ್ತು. ಗಂಡನಿಗೆ ಫೋನ್ ಮಾಡಿ ಮಗಳನ್ನು ಕರೆದುಕೊಂಡು ಹೋಗಲು ಹೇಳಿದೆ. ಅವರು ಜಮಖಂಡಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವರು, ದನಿ ಏರಿಸಿ ಗೊತ್ತಿಲ್ಲದವರು. ನಾನು ಮಠ ಮುಟ್ಟುವಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದರು. ಅಂಗಿಯ ಕಿಸೆ ಕಿತ್ತು ಜೋತಾಡುತ್ತಿತ್ತು, ಕುತ್ತಿಗೆಯ ಮೇಲೆ ಉಗುರಿನ ಗೀರು. "ನಾನು ಅಪ್ಪ ಅಂತ ಹೇಳಿದೆ. ಆಧಾರ ಕಾರ್ಡು ತೋರಿಸಿದೆ. ಕೊರಳಪಟ್ಟಿ ಹಿಡಿದು ಹೊರಗೆ ಹಾಕಿದಳು," ಎಂದರು. ನಾನು ಒಳಗೆ ಹೋಗಿ ಜಗಳಕ್ಕೆ ನಿಂತೆ. ಕಾಶವ್ವ ನನ್ನ ಮುಂಗೈ ಹಿಡಿದು, ದಾರ ನೋಡಿ, ಮಗಳನ್ನು ಕೈಗಿಟ್ಟು, "ನಿಮ್ಮಾವ್ರು ಬಾಳ ಸೌಮ್ಯ ಅದಾರ್ರಿ. ತಿರುಗಿ ಒಂದೂ ಹೊಡೀಲಿಲ್ಲ," ಎಂದಳು. ಅದು ಹೊಗಳಿಕೆಯೋ ಬೈಗುಳವೋ ನನ್ನ ಗಂಡನಿಗೆ ಇವತ್ತಿಗೂ ತಿಳಿದಿಲ್ಲ.

ಈಗ ಸಂಗ್ಯಾನ ವಿಷಯಕ್ಕೆ ಬರಬೇಕು. ಬರೆಯುವಾಗ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಸಂಗ್ಯಾ ಪಾವರ್‌ಲೂಮ್ ಓಡಿಸುವವನು. ಹೆಂಡತಿ ರೇಣುಕಾ, ಮಗಳು ಪಾರು. ಪಾರು ನನ್ನ ಮಗಳ ಓರಗೆಯದು, ಆಗ ಎರಡೂ ಎಡವುತ್ತ ನಡೆಯುತ್ತಿದ್ದವು. ಒಂದು ಬೆಳಿಗ್ಗೆ ರೇಣುಕಾ ಪಾರುವನ್ನು ಬಿಟ್ಟು, ದಾರ ಕಟ್ಟಿಸಿಕೊಂಡು, ಶೆಡ್ಡಿಗೆ ಹೋದಳು. ಅಲ್ಲಿ ಸಂಗ್ಯಾ ಕಬ್ಬಿಣದ ಸಳಿಯಿಂದ ಅವಳ ತಲೆ ಒಡೆದ. ಜಮಖಂಡಿಯ ಆಸ್ಪತ್ರೆಗೆ ಒಯ್ದರು. ತಲೆಗೆ ಹೊಲಿಗೆ ಬಿದ್ದವು, ಮೂರು ದಿನ ಬಿಟ್ಟು ಬಾಯಿ ಬಂತು. ಆ ಸಲ ಅವಳು ಸುಮ್ಮನಿರಲಿಲ್ಲ, ಪೊಲೀಸರ ಮುಂದೆ ಹೆಸರು ಹೇಳುತ್ತೇನೆ ಎಂದಳು. ಅಷ್ಟೂ ದಿನ ಪಾರು ಹಗಲು ರಾತ್ರಿ ಕಾಶವ್ವನ ಹತ್ತಿರವೇ ಇತ್ತು. ರೇಣುಕಾಳ ಬಾಯಿ ಮುಚ್ಚಿಸಲು ಕೂಸೊಂದೇ ದಾರಿ ಎಂಬುದು ಸಂಗ್ಯಾನಿಗೆ ಹೊಳೆಯಿತು.

ಅವನು ಮಠದ ಬಾಗಿಲಿಗೆ ಬಂದಾಗ ನಾನು ಅಲ್ಲೇ ಇದ್ದೆ. ಶನಿವಾರ, ಬೆಳಗಿನ ಶಾಲೆ ಮುಗಿಸಿ ಮಗಳನ್ನು ಒಯ್ಯಲು ಬಂದಿದ್ದೆ.

"ನನ್ನ ಕೂಸು ಕೊಡಬೇ, ಕಾಶವ್ವ."

"ದಾರ ತೋರಸು."

"ಅಪ್ಪ ಅದೇನಿ ನಾ!"

"ಅಪ್ಪ ಇದ್ರ ಇರು. ದಾರ ದವಾಖಾನ್ಯಾಗ ಐತಿ, ನೀ ತಲಿ ಒಡದಾಕಿ ಕೈಯಾಗ. ಹೋಗಿ ಕರಕೊಂಡು ಬಾ."

ಅವನು ನುಗ್ಗಿದ. ಕಾಶವ್ವ ಹುಟ್ಟಿನಿಂದ ಮೊಣಕಾಲಿಗೆ ಒಂದು ಕೊಟ್ಟಳು. ಅವನು ಕುಂಟುತ್ತ ಅಂಗಳಕ್ಕಿಳಿದು, ನೇರ ಗದ್ದುಗೆಯ ಹತ್ತಿರ ಹೋದ.

ಗದ್ದುಗೆ ಎಂದರೆ ಮಠದ ಮೂಲ ಗುರುಗಳ ಸಮಾಧಿ. ಅದನ್ನು ಮುಟ್ಟಿ, ಭಸ್ಮವನ್ನು ನಾಲಿಗೆಗಿಟ್ಟು ಆಣೆ ಮಾಡಿದವನ ಮಾತನ್ನು ಈ ಮಠದಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲ ಅಲ್ಲಿಯೇ ಮುಗಿದದ್ದುಂಟು. ಕೋರ್ಟಿನಲ್ಲಿ ಹಾಡಹಗಲೇ ಸುಳ್ಳು ಹೇಳುವವರೂ ಗದ್ದುಗೆಯ ಮುಂದೆ ತೊದಲುತ್ತಿದ್ದರು. ಸಂಗ್ಯಾ ತೊದಲಲಿಲ್ಲ. ಗದ್ದುಗೆಗೆ ಹಣೆ ಹಚ್ಚಿ, ಭಸ್ಮ ನುಂಗಿ, ಊರಿಗೆಲ್ಲ ಕೇಳುವಂತೆ ಅತ್ತ. "ಇನ್ನ ಮ್ಯಾಲ ಕುಡ್ಯೂದಿಲ್ರಿ ಅಜ್ಜಾರ. ಹೇಣ್ತಿ ಮ್ಯಾಲ ಕೈ ಮಾಡೂದಿಲ್ಲ. ಕೂಸಿನ್ನ ನಮ್ಮವ್ವನ ಮನಿಗಿ ಒಯ್ದು ಜ್ವಾಪಾನ ಮಾಡ್ತೇನಿ. ಗದ್ದಿಗಿ ಆಣಿ!"

ಅಜ್ಜಾರು ಹೊರಗೆ ಬಂದರು. ಈರಪ್ಪಣ್ಣನೂ ಅಲ್ಲಿದ್ದ. ಸಂಗ್ಯಾ ದುಡಿಯುತ್ತಿದ್ದದ್ದು ಅವನದೇ ಶೆಡ್ಡಿನಲ್ಲಿ. "ಗದ್ದಿಗಿ ಮುಟ್ಯಾನ್ರಿ ಬುದ್ಧಿ. ಇನ್ನೇನು?" ಎಂದ.

ಅಜ್ಜಾರು ಕಾಶವ್ವನ ಕಡೆ ತಿರುಗಿದರು. "ಕೂಸು ಕೊಡು, ಕಾಶವ್ವ."

"ಕೊಡೂದಿಲ್ರಿ."

"ಗದ್ದಿಗಿ ಮುಟ್ಟಿದವನ ಮ್ಯಾಲ ಸಂಶೆ ಪಟ್ರ ಈ ಮಠ ಯಾಕ ಇರಬೇಕು? ಕೊಡು."

"ಅಜ್ಜಾರ, ಗದ್ದಿಗಿ ಕೂಸು ಹೊರೂದಿಲ್ಲ. ಕೂಸು ಅತ್ರ ಗದ್ದಿಗಿ ಏಳೂದಿಲ್ಲ."

ಅಜ್ಜಾರ ಮುಖ ಕೆಂಪಾಯಿತು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇದು ಗುರುವಿನ ಅಪ್ಪಣೆ ಎಂದರು. ಕಾಶವ್ವ ಪಾರುವನ್ನು ಎತ್ತಿ, ಮುಖ ಒರೆಸಿ, ಸಂಗ್ಯಾನ ಕೈಗೆ ಕೊಟ್ಟಳು. ಪಾರುವಿನ ಮುಂಗೈಯ ಹಸಿರು ದಾರವನ್ನು ಮಾತ್ರ ಬಿಚ್ಚಲಿಲ್ಲ. ಕೂಸು ಅವಳ ಕುಪ್ಪಸ ಹಿಡಿದುಕೊಂಡಿತ್ತು. ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಅವನು ಹೊರಗೆ ಹೋದ. ಕಾಶವ್ವ ಬಾಗಿಲಲ್ಲೇ ನಿಂತು ಅವನು ಹೋಗುವ ದಾರಿ ನೋಡಿದಳು. ಅವನ ತಾಯಿಯ ಮನೆ ಬಲಕ್ಕೆ. ಅವನು ಎಡಕ್ಕೆ, ಶೆಡ್ಡಿನ ಕಡೆ ತಿರುಗಿದ. "ಟೀಚರ, ಇವನ್ನೆಲ್ಲ ನೋಡಕೋರಿ," ಎಂದು ನನಗೆ ಹೇಳಿ ಸೆರಗು ಸಿಗಿಸಿಕೊಂಡು ಓಡಿದಳು. ಕೂಸು ಸತ್ತ ಮೇಲೆ ಯಾವ ಶೆಡ್ಡಿನೊಳಕ್ಕೂ ಕಾಲಿಡದ ಹೆಂಗಸು. ಮಗ್ಗದ ಸಪ್ಪಳ ಜೋರಾದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದವಳು.

ಶೆಡ್ಡಿನಲ್ಲಿ ನಡೆದದ್ದನ್ನು ಪಕ್ಕದ ಮಗ್ಗದವರು ಆಮೇಲೆ ಹೇಳಿದರು. ಸಂಗ್ಯಾ ಒಂದು ಕೈಯಲ್ಲಿ ಫೋನು ಹಿಡಿದು ಆಸ್ಪತ್ರೆಯಲ್ಲಿದ್ದ ರೇಣುಕಾಳಿಗೆ ವಿಡಿಯೋ ಕಾಲ್ ಮಾಡಿದ್ದ. ಇನ್ನೊಂದು ಕೈಯಲ್ಲಿ ಪಾರುವನ್ನು ಓಡುವ ಮೋಟಾರಿನ ಪಟ್ಟಾದ ಹತ್ತಿರ ಹಿಡಿದಿದ್ದ. "ಕಂಪ್ಲೇಂಟ್ ಕೊಡ್ತಿಯೇನ? ಕೊಡು. ಕೊಡು ನೋಡೂಣು," ಎಂದು ಚೀರುತ್ತಿದ್ದ. ರೇಣುಕಾ ಅಲ್ಲಿ ಮಂಚದಿಂದ ಕೆಳಗೆ ಬಿದ್ದಿದ್ದಳು. ಕೂಸು ಕೈ ಬೀಸಿತು, ಎಡಗೈಯ ಕಿರುಬೆರಳು ಪಟ್ಟಾಕ್ಕೆ ಸಿಕ್ಕಿತು.

ಅಷ್ಟರಲ್ಲಿ ಕಾಶವ್ವ ಒಳಗೆ ಬಂದಳು. ಮೊದಲು ಮೋಟಾರಿನ ಸ್ವಿಚ್ಚಿಗೆ ಹೊಡೆದಳು, ಆಮೇಲೆ ಅವನಿಗೆ. ಅವನ ಕೈಯನ್ನು ಕಚ್ಚಿದಳು, ಹಲ್ಲು ಎಲುಬಿಗೆ ತಾಗುವಂತೆ ಕಚ್ಚಿದಳು. ಕೂಸು ಕೆಳಗೆ ಬಿತ್ತು. ಅವನು ಮಗ್ಗದೊಳಗಿನ ಲಾಳಿ ಕಿತ್ತು ಅವಳ ಮುಖಕ್ಕೆ ಬೀಸಿ ಒಗೆದ. ಲಾಳಿ ಎಂದರೆ ನೂಲು ಹೊತ್ತು ಮಗ್ಗದ ಆಚೆಈಚೆ ಹಾರುವ ಕಟ್ಟಿಗೆಯ ತುಂಡು, ಎರಡೂ ತುದಿಗೆ ಉಕ್ಕಿನ ಮೊನೆ. ಮೊನೆ ಎಡಗಣ್ಣಿಗೆ ನೆಟ್ಟಿತು. ಕಾಶವ್ವ ಅದನ್ನು ಕೈಯಾರೆ ಕಿತ್ತು, ಅದರಿಂದಲೇ ಅವನ ಬಾಯಿಗೆ ಹೊಡೆದಳು. ಹಲ್ಲುಗಳು ನೆಲದ ಮೇಲೆ ಬಿದ್ದವು. ಆಮೇಲೂ ಹೊಡೆದಳು. ಬಿಡಿಸಲು ಹೋದವರಿಗೂ ಪೆಟ್ಟು ಬಿದ್ದವು.

ನಾನು ನೋಡಿದ್ದು ಅವಳು ತಿರುಗಿ ಬಂದದ್ದನ್ನು. ಓಣಿಯ ತುಂಬ ಜನ, ನಡುವೆ ಕಾಶವ್ವ. ಟೊಂಕದ ಮೇಲೆ ಪಾರು. ಮುಖದ ಅರ್ಧಭಾಗ ರಕ್ತ, ಸೀರೆ ರಕ್ತ, ಕೂಸಿನ ಅಂಗಿ ರಕ್ತ. ಯಾವುದು ಯಾರದು ಎಂದು ತಿಳಿಯುವಂತಿರಲಿಲ್ಲ. ಅವಳು ನೇರ ಗದ್ದುಗೆಯ ಮುಂದೆ ಹೋದಳು. ಅಜ್ಜಾರು ಅಲ್ಲೇ ಜಪಕ್ಕೆ ಕೂತಿದ್ದರು, ಎದ್ದು ನಿಂತರು. ಕಾಶವ್ವ ಕೈಯಲ್ಲಿದ್ದ ಲಾಳಿಯನ್ನು ಗದ್ದುಗೆಯ ಮೆಟ್ಟಿಲ ಮೇಲೆ ಇಟ್ಟಳು.

"ತಗೋರಿ. ನಿಮ್ಮ ಆಣಿ."

ಅಷ್ಟೇ ಹೇಳಿದಳು. ಪಾರುವನ್ನು ನನ್ನ ಕೈಗೆ ಕೊಟ್ಟು, ಅಲ್ಲಿಯೇ ಕುಸಿದಳು.

ಕಣ್ಣು ಉಳಿಯಲಿಲ್ಲ. ಮುಧೋಳದ ಡಾಕ್ಟರರು ನೋಡಿ, ಇನ್ನು ತೆಗೆದುಬಿಡುವುದೇ ಒಳ್ಳೆಯದು ಎಂದರು. ಪಾರುವಿನ ಕಿರುಬೆರಳೂ ಅರ್ಧ ಹೋಯಿತು. ಪೊಲೀಸರು ಬಂದು ಸಂಗ್ಯಾನನ್ನು ಒಯ್ದರು. ಈರಪ್ಪಣ್ಣ ಕಮಿಟಿಯ ಸಭೆ ಕರೆದ. "ಇದು ಮಠ ಐತೋ ಗರಡಿಮನಿ ಐತೋ? ಗದ್ದಿಗಿ ಮ್ಯಾಲ ರಕ್ತ ಬಿತ್ತು, ಪೊಲೀಸರು ಬೂಟು ಹಾಕ್ಕೊಂಡು ಅಂಗಳದಾಗ ಅಡ್ಡ್ಯಾಡಿದ್ರು. ತೊಟ್ಲಮನಿ ಬಂದ್ ಮಾಡೂಣು," ಎಂದ. ನಾನು ತಾಯಂದಿರ ಜೊತೆ ಹಿಂದೆ ನಿಂತಿದ್ದೆ. ನನ್ನ ಕೈಗೆ ಆಗ ಏನಾದರೂ ಸಿಕ್ಕಿದ್ದರೆ ಅವನ ತಲೆಗೆ ಒಗೆಯುತ್ತಿದ್ದೆ.

ತಲೆಗೆ ಬ್ಯಾಂಡೇಜು ಸುತ್ತಿಕೊಂಡ ರೇಣುಕಾ ಒಂದು ಕಡೆ, ಕಣ್ಣಿಗೆ ಬ್ಯಾಂಡೇಜು ಸುತ್ತಿಕೊಂಡ ಕಾಶವ್ವ ಇನ್ನೊಂದು ಕಡೆ ಕೂತಿದ್ದರು. ಅಜ್ಜಾರು ಪೀಠದಿಂದ ಎದ್ದು ಕೆಳಗೆ ಬಂದು ಕಾಶವ್ವನ ಮುಂದೆ ನೆಲದ ಮೇಲೆ ಕೂತರು.

"ತಪ್ಪು ನಂದು. ಗದ್ದಿಗಿ ಮರ್ಯಾದಿ ಉಳಸಾಕ ಕೂಸಿನ್ನ ಕೊಡಿಸಿದೆ. ಇನ್ನ ಮ್ಯಾಲ ಈ ಮಠದಾಗ ಆಣಿ ತಗೋಳೂದಿಲ್ಲ. ತೊಟ್ಲಮನಿ ಬಾಗಲದಾಗ ನಿನ್ನ ಮಾತ ಕಡೀ ಮಾತು. ನನಗ ಮಾಫಿ ಮಾಡು, ತಾಯಿ."

ಕಾಶವ್ವ ಒಂದೇ ಕಣ್ಣಿನಿಂದ ಅವರನ್ನು ನೋಡಿದಳು. "ಮಾಫಿ ಗೀಫಿ ಬ್ಯಾಡ್ರಿ. ಹಳೀ ಕಾವಿ ಇದ್ರ ಕೊಡ್ರಿ. ಎರಡು ಜೋಳಗಿ ಹರದಾವ."

ಅಂದಿನಿಂದ ಅಜ್ಜಾರೂ ಕೂಸನ್ನು ಎತ್ತಿ ಆಡಿಸಬೇಕೆಂದರೆ ತೊಟ್ಟಿಲಮನೆಯ ಹೊಸ್ತಿಲ ಒಳಗೇ ಆಡಿಸಬೇಕಿತ್ತು. ಹೊಸ್ತಿಲು ದಾಟಿದರೆ, "ಅಜ್ಜಾರ, ದಾರ?" ಎಂಬ ದನಿ ಹಿಂದಿನಿಂದ ಬರುತ್ತಿತ್ತು. ಅವರು ಕಳ್ಳತನದಲ್ಲಿ ಸಿಕ್ಕವರಂತೆ ತಿರುಗಿ ಒಳಗೆ ಬರುತ್ತಿದ್ದರು.

ಸಂಗ್ಯಾ ಜಾಮೀನಿನ ಮೇಲೆ ಹೊರಬಂದು ಒಮ್ಮೆ ಮಠಕ್ಕೆ ಬಂದ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. ಕಾಶವ್ವ ಕುದಿಯುವ ಗಂಜಿಯ ಬೋಗುಣಿ ಎತ್ತಿ ಮೈಮೇಲೆ ಸುರಿದಳು. ಅವನು ಕೊಯ್ತಾ ಬಿಟ್ಟು ಅರಚುತ್ತ ಓಡಿದ. ಆಮೇಲೆ ಈ ಕಡೆ ಯಾರೂ ಅವನನ್ನು ನೋಡಿಲ್ಲ. ಅವತ್ತು ಅವನ ಚರ್ಮ ಬೊಬ್ಬೆ ಎದ್ದ ಸುದ್ದಿ ಕೇಳಿ ನನಗೆ ಸಂತೋಷವಾಯಿತು. ಮಕ್ಕಳಿಗೆ ಪಾಠ ಹೇಳುವವಳು ಹೀಗೆ ಬರೆಯಬಾರದು, ಗೊತ್ತು. ಆದರೂ ಆಯಿತು. ಕಾಶವ್ವ ಮಾತ್ರ ಮಧ್ಯಾಹ್ನವಿಡೀ ಸಿಡಿಮಿಡಿ ಎನ್ನುತ್ತಿದ್ದಳು. ಗಂಜಿ ಹಾಳಾಗಿ ಕೂಸುಗಳ ಊಟ ತಡವಾಗಿತ್ತು.

ಪಾರು ಈಗ ನನ್ನ ಶಾಲೆಯಲ್ಲೇ ಮೂರನೆಯ ಇಯತ್ತೆ. ಶಾಲೆ ಬಿಟ್ಟ ಮೇಲೆ ತೊಟ್ಟಿಲಮನೆಗೆ ಓಡಿಹೋಗಿ ಕಾಶವ್ವನ ಬಾಲದಂತೆ ತಿರುಗುತ್ತಿದ್ದಳು. ಅವಳನ್ನು ಆಯಿ ಎಂದು ಕರೆಯುತ್ತಿದ್ದಳು. ದಾರ ಕಟ್ಟುವುದು, ಹೊಂದಿಸಿ ನೋಡುವುದು ಎಲ್ಲ ಅರ್ಧ ಬೆರಳಿನ ಆ ಕೈಗೆ ರೂಢಿಯಾಗಿತ್ತು. ನಾನೇ ಒಮ್ಮೆ ಪಕ್ಕದ ಮನೆಯವಳ ಕೂಸನ್ನು ಒಯ್ಯಲು ಹೋಗಿ ನನ್ನ ವಿದ್ಯಾರ್ಥಿನಿಯಿಂದಲೇ ಬೈಸಿಕೊಂಡು ಬಂದಿದ್ದೇನೆ.

ಈ ಬೇಸಿಗೆಯಲ್ಲಿ ಕಾಶವ್ವನಿಗೆ ಉಸಿರು ಕಟ್ಟತೊಡಗಿತು. ಹರೆಯದಲ್ಲಿ ನುಂಗಿದ ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ನಾನು ಕೊನೆಯ ಸಲ ನೋಡಲು ಹೋದಾಗ ಜೋಳಿಗೆಗಳ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದಳು. ಒಂದು ಜೋಳಿಗೆಯ ಹಗ್ಗವನ್ನು ಕಾಲಬೆರಳಿಗೆ ಕಟ್ಟಿಕೊಂಡು ತೂಗುತ್ತಿದ್ದಳು. ದವಾಖಾನೆಗೆ ಹೋಗೋಣ ಎಂದೆ. "ಇವನ್ನ ಯಾರು ನೋಡ್ಯಾರು? ನೀವು ನೋಡ್ತೀರೇನು? ನಿಮಗ ಒಂದೂ ಹೊಡ್ಯಾಕ ಬರೂದಿಲ್ಲ," ಎಂದು ನಕ್ಕಳು. ನಗು ಕೆಮ್ಮಾಯಿತು. ಒರೆಸಿಕೊಂಡ ಸೆರಗಿನಲ್ಲಿ ರಕ್ತವಿತ್ತು. ಅದನ್ನು ಮಡಚಿ ಒಳಗೆ ಸಿಕ್ಕಿಸಿಕೊಂಡಳು.

ಎರಡು ದಿನದ ಮೇಲೆ ಬೆಳಿಗ್ಗೆ ಸುದ್ದಿ ಬಂತು. ಓಡಿದೆ. ಕಾಶವ್ವನನ್ನು ತೊಟ್ಟಿಲಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಮಗ್ಗಗಳನ್ನು ನಿಲ್ಲಿಸಿ ಬಂದ ಹೆಂಗಸರು ಪಡಸಾಲೆ ತುಂಬ. ಅವಳ ಕೈಯಿಂದ ಪೆಟ್ಟು ತಿಂದ ಗಂಡಸರೂ ಅಂಗಳದಲ್ಲಿದ್ದರು. ಗಂಡ ಎಂದೋ ಬಿಟ್ಟು ಹೋಗಿದ್ದ, ಅವಳಿಗೆ ತನ್ನವರೆಂಬವರು ಯಾರೂ ಇರಲಿಲ್ಲ. ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನವನ್ನು ಒಳಗೆ ತಂದು ಅವಳನ್ನು ಅದರಲ್ಲಿ ಕೂರಿಸಿದರು, ಈರಪ್ಪಣ್ಣ ನಾಲ್ವರು ಹುಡುಗರಿಗೆ ಎತ್ತಲು ಹೇಳಿದ. ಅವರು ಬಾಗಿಲಿಗೆ ಬಂದರು.

ಬಾಗಿಲಲ್ಲಿ ಪಾರು ಎರಡೂ ಕೈ ಚಾಚಿ ನಿಂತಿದ್ದಳು.

"ದಾರ ತೋರಸ್ರಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. "ಸರಿಯಬೇ ಆಚೀಕ," ಎಂದು ಈರಪ್ಪಣ್ಣ ಅವಳ ತೋಳಿಗೆ ಕೈ ಹಾಕಿದ. ಪಾರು ಆ ಕೈಯನ್ನು ಕಚ್ಚಿದಳು. ಅವನು ಹೌಹಾರಿ ಕೈ ಹಿಂದಕ್ಕೆಳೆದುಕೊಂಡ. ರೇಣುಕಾ ಮಗಳನ್ನು ಹಿಡಿಯಲು ಎದ್ದಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ.

ಅಜ್ಜಾರು ಮುಂದೆ ಬಂದರು. "ಆಕಿಗಿ ದಾರ ಕಟ್ಟಿದವ್ರ ಯಾರೂ ಇಲ್ಲ, ಪಾರೂ. ಏನ ಮಾಡೂಣು?"

ಪಾರು ಒಳಗೆ ಹೋಗಿ, ಹರಿದ ಜೋಳಿಗೆಯೊಂದರ ಅಂಚಿನಿಂದ ಉದ್ದನೆಯ ಕಾವಿ ನೂಲು ಎಳೆದಳು. ಹಲ್ಲಿನಿಂದ ಎರಡು ತುಂಡು ಮಾಡಿದಳು. ಒಂದನ್ನು ಕಾಶವ್ವನ ತಣ್ಣಗಾದ ಮುಂಗೈಗೆ ಕಟ್ಟಿದಳು. ಇನ್ನೊಂದನ್ನು ಹಿಡಿದು ಬಂದು ನಿಂತಾಗ ಅಜ್ಜಾರು ಕೈ ಮುಂದೆ ಚಾಚಿದರು. ಅದನ್ನೂ ಕಟ್ಟಿ, ಅವರನ್ನು ಕಾಶವ್ವನ ಹತ್ತಿರ ಎಳೆದೊಯ್ದು, ದಾರಕ್ಕೆ ದಾರ ಹಚ್ಚಿ ನೋಡಿದಳು.

"ಈಗ ನೀವ ಒಯ್ಬೇಕ್ರಿ. ಬ್ಯಾರೇದಾವ್ರ ಕೈಗಿ ಕೊಡೂದಿಲ್ಲ."

"ಬುದ್ಧಿ, ಪೀಠದಾಗ ಕುಂತಾವ್ರು ಹೆಗಲು ಕೊಡಬಾರದ್ರಿ," ಎಂದ ಈರಪ್ಪಣ್ಣ, ಕಚ್ಚಿಸಿಕೊಂಡ ಕೈ ಉಜ್ಜಿಕೊಳ್ಳುತ್ತ. ಅಜ್ಜಾರು ಅವನ ಕಡೆ ನೋಡಲಿಲ್ಲ. ಶಾಲು ತೆಗೆದು ನನ್ನ ಕೈಗೆ ಕೊಟ್ಟರು. ಬಗ್ಗಿ ವಿಮಾನದ ಮುಂದಿನ ಬೊಂಬಿಗೆ ಹೆಗಲು ಕೊಟ್ಟು, ಉಳಿದ ಬೊಂಬು ಹಿಡಿದ ಹುಡುಗರೊಡನೆ ಎದ್ದರು. ಭಾರಕ್ಕೆ ಒಮ್ಮೆ ವಾಲಿದರು, ನಿಂತರು. ಪಾರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.